ನಡುವೆ ನಿಂತ 'ನೊ'

ಜಪಾನಿ ಕಲಿಯಲು ಕೂತ ಕನ್ನಡಿಗರಿಗೆ ಮೊದಮೊದಲ ಪಾಠದಲ್ಲೇ ಒಂದು ಸಂತೋಷ ಕಾದಿರುತ್ತದೆ. 'ವತಾಶಿ' ಎಂದರೆ ನಾನು, 'ಹೊನ್' ಎಂದರೆ ಪುಸ್ತಕ. ನಡುವೆ 'ನೊ' ಇಟ್ಟರೆ 'ವತಾಶಿ ನೊ ಹೊನ್', ನನ್ನ ಪುಸ್ತಕ. ಯಾರದು ಎಂಬುದು ಮೊದಲು, ಏನು ಎಂಬುದು ಆಮೇಲೆ. ನಮ್ಮ ನಾಲಿಗೆಗೆ ರೂಢಿಯಾದ ಕ್ರಮವೇ. ಸರಪಳಿ ಉದ್ದವಾದರೂ ತೊಡಕಿಲ್ಲ. 'ವತಾಶಿ ನೊ ತೊಮೊದಾಚಿ ನೊ ಕುರುಮಾ' ಎಂದರೆ ನನ್ನ ಗೆಳೆಯನ ಕಾರು. ಪದಕ್ಕೆ ಪದ ಕೂತುಬಿಡುತ್ತದೆ.

ನಮ್ಮ ಷಷ್ಠಿ ವಿಭಕ್ತಿ ಪದವನ್ನು ನೋಡಿ ರೂಪ ಬದಲಿಸುತ್ತದೆ: ರಾಮನ, ತಾಯಿಯ, ಮರದ, ಊರಿನ. 'ನೊ' ಯಾವ ಪದದ ಪಕ್ಕ ನಿಂತರೂ 'ನೊ'ವೇ. ಹಿರಗಾನಾ ಲಿಪಿಯಲ್ಲಿ ಅದಕ್ಕೆ ಒಂದೇ ಗೀಟು ಸಾಕು. ಮೇಲಿನಿಂದ ಎಡಕ್ಕೆ ಓರೆಯಾಗಿ ಇಳಿದು, ಕೈ ಎತ್ತದೆ ಮತ್ತೆ ಮೇಲೇರಿ, ಬಲಕ್ಕೆ ದೊಡ್ಡದಾಗಿ ಸುತ್ತಿ, ಕೆಳಗೆ ಬಾಲ ಎಳೆದು ಬಿಡುವುದು. ಬರೆಯಲು ಇಷ್ಟು ಹಗುರಾದ ಈ ಅಕ್ಷರ ಹೊರುವ ಹೊಣೆ ಮಾತ್ರ ದೊಡ್ಡದು.

ಅದನ್ನು ಒಡೆತನದ ಗುರುತು ಎಂದಷ್ಟೇ ಕಲಿಸಿದರೆ ಅನ್ಯಾಯವಾಗುತ್ತದೆ. 'ಕಿ ನೊ ತ್ಸುಕುಎ' ಮರದ ಮೇಜು. 'ತ್ಸುಕುಎ ನೊ ಉಎ' ಮೇಜಿನ ಮೇಲೆ. ಮರ ಮೇಜಿಗೆ ಒಡೆಯನಲ್ಲ, ಮೇಜು ಮೇಲ್ಭಾಗಕ್ಕೆ ಒಡೆಯನಲ್ಲ. ಇಲ್ಲಿಯವರೆಗೂ ಕನ್ನಡ ಜೊತೆಯಲ್ಲೇ ಬರುತ್ತದೆ. ದಾರಿ ಬೇರೆಯಾಗುವುದು 'ತೊಮೊದಾಚಿ ನೊ ತನಕಾ ಸಾನ್' ಎಂಬಲ್ಲಿ. ಇದು 'ಗೆಳೆಯನ ತನಕಾ' ಅಲ್ಲ, 'ನನ್ನ ಗೆಳೆಯ ತನಕಾ'. ಗೆಳೆಯನೂ ತನಕಾನೂ ಒಬ್ಬನೇ! ಹಾಗೆಯೇ 'ನಿಹೊಂಗೊ ನೊ ಸೆನ್ಸೇ' ಜಪಾನಿ ಭಾಷೆಯ ಮೇಷ್ಟ್ರಾದರೆ, 'ನಿಹೊಂಜಿನ್ ನೊ ಸೆನ್ಸೇ' ಸಾಮಾನ್ಯವಾಗಿ ಜಪಾನಿನವರೇ ಆದ ಮೇಷ್ಟ್ರು. ಕನ್ನಡದಲ್ಲಿ ಇಂಥ ಕಡೆ 'ಆದ' ಬೇಕಾಗುತ್ತದೆ. ಜಪಾನಿಗೆ 'ನೊ' ಒಂದೇ ಸಾಕು. ಅದರ ಗುಟ್ಟು ನನಗೆ ತಿಳಿದಂತೆ ಇಷ್ಟು: ಮುಂದೆ ಬರುವ ಪದ ಎಂಥದ್ದು, ಯಾವುದು ಎಂಬುದನ್ನು ಹಿಂದಿನ ಪದ ಹೇಳುತ್ತಿದೆ ಎಂದು ಮಾತ್ರ 'ನೊ' ಸೂಚಿಸುತ್ತದೆ. ಸಂಬಂಧ ಯಾವ ಬಗೆಯದು ಎಂಬುದನ್ನು ಕೇಳುವವರ ವಿವೇಕಕ್ಕೆ ಬಿಡುತ್ತದೆ. ಆ ನಂಬಿಕೆ ನನಗೆ ಬಹಳ ಮೆಚ್ಚುಗೆ.

ಆದರೆ ಎಲ್ಲೆಂದರಲ್ಲಿ ತುರುಕುವಂತಿಲ್ಲ. ಕೆಂಪು ಪುಸ್ತಕಕ್ಕೆ 'ಅಕಾಯ್ ಹೊನ್' ಎಂದರೆ ಮುಗಿಯಿತು. 'ಅಕಾಯ್' ಗುಣವಾಚಕ, ತಾನೇ ನೇರವಾಗಿ ನಾಮಪದಕ್ಕೆ ಅಂಟುತ್ತದೆ. ಹಸಿರಿಗೆ ಹೇಳುವ 'ಮಿದೊರಿ' ನಾಮಪದವಾದ್ದರಿಂದ 'ಮಿದೊರಿ ನೊ ಹೊನ್' ಎನ್ನಬೇಕು. ಬಣ್ಣಬಣ್ಣಕ್ಕೂ ವ್ಯಾಕರಣ ಬೇರೆ.

'ನೊ' ಆದಮೇಲೆ ಬರಬೇಕಾದ ವಸ್ತು ಯಾವುದೆಂದು ಗೊತ್ತಿದ್ದರೆ ಅದನ್ನು ಬಿಟ್ಟೂ ಬಿಡಬಹುದು: 'ವತಾಶಿ ನೊ ದೆಸು', ಅದು ನನ್ನದು. 'ಅಕಾಯ್ ನೊ' ಎಂದರೆ ಕೆಂಪಗಿರುವುದು, 'ಯೊಮು ನೊ' ಎಂದರೆ ಓದುವುದು. ನನ್ನದು, ಕೆಂಪಗಿರುವುದು, ಓದುವುದು, ಮೂರರ ಕೊನೆಗೂ ನಮ್ಮ 'ದು' ನಿಂತಿರುವುದನ್ನು ಗಮನಿಸಿ. ದೂರದ ಎರಡು ಭಾಷೆಗಳು ಒಂದೇ ಕೆಲಸಕ್ಕೆ ಇಷ್ಟು ಹತ್ತಿರದ ಉಪಾಯ ಹೂಡಿರುವುದು ಸಾಮಾನ್ಯ ಸಂಗತಿಯಲ್ಲ.

ಇನ್ನು ಹೆಸರುಗಳು. 'ಇನೊಉಎ' ಎಂಬ ಮನೆತನದ ಹೆಸರನ್ನು ಬಿಡಿಸಿದರೆ 'ಇ ನೊ ಉಎ', ಬಾವಿಯ ಮೇಲೆ. 'ಕಿನೊಶಿತಾ' ಮರದ ಕೆಳಗೆ. ಬರೆಯುವಾಗ ಸಾಮಾನ್ಯವಾಗಿ ಎರಡೇ ಕಾಂಜಿ (ಚೀನೀ ಮೂಲದ) ಅಕ್ಷರ. ನಡುವಿನ 'ನೊ' ಕಣ್ಣಿಗೆ ಬೀಳದೆ ಬಾಯಲ್ಲಿ ಮಾತ್ರ ಉಳಿದಿದೆ. 1192ರಲ್ಲಿ ಶೋಗುನ್, ಅಂದರೆ ಸೇನಾ ಆಡಳಿತಗಾರ, ಆದ ಮಿನಾಮೊತೊ ನೊ ಯೊರಿತೊಮೊ ಹೆಸರೂ ಹಾಗೆಯೇ, ಬರಹದಲ್ಲಿಲ್ಲದ 'ನೊ'ವನ್ನು ಓದುವವರು ಸೇರಿಸಿಕೊಳ್ಳುತ್ತಾರೆ: ಮಿನಾಮೊತೊ ಕುಲದ ಯೊರಿತೊಮೊ. ಫುಜಿವಾರಾ, ತೈರಾ ಕುಲದವರಿಗೂ ಇದೇ ಪದ್ಧತಿ. ಮುಂದಿನ ಶತಮಾನಗಳ ಒದಾ ನೊಬುನಾಗಾ, ತೊಕುಗಾವಾ ಇಎಯಾಸು ಎಂಬ ಹೆಸರುಗಳಲ್ಲಿ ಅದು ಕೇಳಿಸುವುದಿಲ್ಲ. ಒದಾ, ತೊಕುಗಾವಾ ಕುಲದ ಹೆಸರುಗಳಲ್ಲ, ಮನೆತನದ ಹೆಸರುಗಳು.