ಆಟಿಸಂ ಇರುವ ಮಕ್ಕಳು ಮತ್ತು ಆಕ್ಯುಪೇಷನಲ್ ಥೆರಪಿ: ರಾಜಧಾನಿಯ ಕನ್ನಡ ಕುಟುಂಬಗಳಿಗೊಂದು ಪರಿಚಯ

ರಾಜ್ಯೋತ್ಸವ, ಯುಗಾದಿ, ಗಣೇಶೋತ್ಸವಗಳೆಂದರೆ ದೆಹಲಿಯ ಕನ್ನಡಿಗರೆಲ್ಲ ಮಕ್ಕಳುಮರಿಗಳೊಡನೆ ಒಂದೆಡೆ ಸೇರುವ ಸಂದರ್ಭ. ಆದರೆ ಕೆಲವು ಕುಟುಂಬಗಳು ಮೆಲ್ಲಮೆಲ್ಲನೆ ಈ ಕೂಟಗಳಿಂದ ದೂರ ಸರಿಯುತ್ತವೆ. ಡೊಳ್ಳಿನ ಸದ್ದಿಗೆ ಕಿವಿ ಮುಚ್ಚಿಕೊಂಡು ಚೀರುವ, ಹೊಸ ಬಟ್ಟೆಯನ್ನು ಮೈಗೆ ತಾಗಿಸಗೊಡದ, ಹೆಸರು ಹಿಡಿದು ಕರೆದರೂ ತಿರುಗಿ ನೋಡದ ಮಗುವೊಂದು ಆ ಮನೆಯಲ್ಲಿರುತ್ತದೆ. "ಮಗುವನ್ನು ಸರಿಯಾಗಿ ಬೆಳೆಸಿಲ್ಲ" ಎಂಬ ಮಾತು ಕಿವಿಗೆ ಬಿದ್ದ ಮೇಲೆ ತಾಯಿತಂದೆಯರು ಮನೆಯಲ್ಲೇ ಉಳಿಯುವುದು ಲೇಸೆಂದು ತೀರ್ಮಾನಿಸುತ್ತಾರೆ. ಇಂತಹ ಮಗುವಿಗೆ ವೈದ್ಯರು ಆಟಿಸಂ ಎಂದು ಗುರುತಿಸಿದಾಗ ಅವರು ಬರೆದುಕೊಡುವ ಚೀಟಿಯಲ್ಲಿ ಸಾಮಾನ್ಯವಾಗಿ ಕಾಣಿಸುವ ಪದ 'ಆಕ್ಯುಪೇಷನಲ್ ಥೆರಪಿ' ಅಥವಾ 'ಓ.ಟಿ.' ಇದೇನು, ಇದರಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಹೆಸರಿನ ಗೊಂದಲ

ಈ ಚಿಕಿತ್ಸಾ ಕ್ರಮವನ್ನು ಕನ್ನಡದಲ್ಲಿ 'ಔದ್ಯೋಗಿಕ ಚಿಕಿತ್ಸೆ' ಎಂದು ಕರೆಯುವುದುಂಟು. ಇದನ್ನು ಕೇಳಿದವರಿಗೆ ನಾಲ್ಕು ವರ್ಷದ ಮಗುವಿಗೂ ಉದ್ಯೋಗಕ್ಕೂ ಏನು ಸಂಬಂಧ ಎಂಬ ಸಂದೇಹ ಬರುವುದು ಸಹಜ. ಇಲ್ಲಿ 'ಆಕ್ಯುಪೇಷನ್' ಎಂದರೆ ಸಂಬಳದ ಕೆಲಸವಲ್ಲ. ಮನುಷ್ಯನು ದಿನವಿಡೀ ತೊಡಗಿಕೊಳ್ಳುವ ಚಟುವಟಿಕೆ. ಮಗುವಿನ ಪಾಲಿಗೆ ಹಲ್ಲುಜ್ಜುವುದು, ಊಟ ಮಾಡುವುದು, ಗುಂಡಿ ಹಾಕಿಕೊಳ್ಳುವುದು, ಪೆನ್ಸಿಲ್ ಹಿಡಿಯುವುದು, ಇತರ ಮಕ್ಕಳೊಡನೆ ಆಡುವುದು, ರಾತ್ರಿ ನೆಮ್ಮದಿಯಾಗಿ ಮಲಗುವುದು, ಇವೆಲ್ಲ ಅದರ ಉದ್ಯೋಗವೇ. ಇವುಗಳಲ್ಲಿ ಯಾವುದು ಮಗುವಿಗೆ ಸಾಧ್ಯವಾಗುತ್ತಿಲ್ಲ, ಏಕೆ ಸಾಧ್ಯವಾಗುತ್ತಿಲ್ಲ ಎಂದು ಪರೀಕ್ಷಿಸಿ, ಮಗುವಿನ ಕೌಶಲವನ್ನೋ ಕೆಲಸದ ಕ್ರಮವನ್ನೋ ಸುತ್ತಲಿನ ಪರಿಸರವನ್ನೋ ಬದಲಿಸಿ ಅದನ್ನು ಸಾಧ್ಯವಾಗಿಸುವುದು ಥೆರಪಿಸ್ಟರ ಕಾರ್ಯ.

ಭಾರತಕ್ಕೆ ಈ ವಿದ್ಯೆಯನ್ನು ತಂದವರು ಅಮೆರಿಕದಲ್ಲಿ ಹುಟ್ಟಿ ಭಾರತೀಯರನ್ನು ವಿವಾಹವಾಗಿ ಇಲ್ಲಿಯೇ ನೆಲೆಸಿದ ಕಮಲಾ ನಿಂಬಕರ್ ಅವರು. 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಅವರು ಆರಂಭಿಸಿದ ಶಾಲೆಯು ಏಷ್ಯಾದಲ್ಲೇ ಮೊದಲನೆಯದು. 1952ರಲ್ಲಿ ಅಖಿಲ ಭಾರತ ಸಂಘವೂ ಸ್ಥಾಪನೆಯಾಯಿತು. ದೆಹಲಿಯಲ್ಲಿ ವಿಷ್ಣು ದಿಗಂಬರ ಮಾರ್ಗದಲ್ಲಿರುವ ಪಂಡಿತ ದೀನದಯಾಳ ಉಪಾಧ್ಯಾಯ ರಾಷ್ಟ್ರೀಯ ಸಂಸ್ಥೆಯು ಈ ವಿಷಯದಲ್ಲಿ ಪದವಿ ಶಿಕ್ಷಣ ನೀಡುತ್ತಿದ್ದು, ಕರ್ನಾಟಕದಲ್ಲಿ ಮಣಿಪಾಲದಲ್ಲಿಯೂ ಇದರ ವ್ಯಾಸಂಗಕ್ಕೆ ಅವಕಾಶವಿದೆ.

ಇಂದ್ರಿಯಗಳ ಲೋಕ

1943ರಲ್ಲಿ ಲಿಯೋ ಕ್ಯಾನರ್ ಅವರು ಆಟಿಸಂ ಕುರಿತು ಮೊದಲ ಪ್ರಸಿದ್ಧ ಪ್ರಬಂಧವನ್ನು ಪ್ರಕಟಿಸಿದಾಗಲೇ, ಕೆಲವು ಮಕ್ಕಳು ದೊಡ್ಡ ಸದ್ದಿಗೆ ಹೆದರುವುದನ್ನು ಗುರುತಿಸಿದ್ದರು. ಆಟಿಸಂ ಇರುವ ಮಗುವಿಗೆ ಮಿಕ್ಸರ್‌ನ ಸದ್ದು, ಅಂಗಿಯ ಕತ್ತಿನ ಪಟ್ಟಿ, ಉಪ್ಪಿಟ್ಟಿನ ತರಿ, ಮೆಟ್ರೋ ನಿಲ್ದಾಣದ ಜನಸಂದಣಿ ನಮಗೆ ತೋರುವುದಕ್ಕಿಂತ ಹಲವು ಪಟ್ಟು ತೀವ್ರವಾಗಿ ತೋರಬಹುದು. ಮತ್ತೊಂದು ಮಗುವಿಗೆ ಸಂವೇದನೆ ಸಾಲದೆ, ಸದಾ ಹಾರುವುದು, ಗಿರಗಿರನೆ ಸುತ್ತುವುದು, ವಸ್ತುಗಳನ್ನು ಮೂಸುವುದು ಬೇಕೆನಿಸಬಹುದು. ಒಂದೇ ಮಗುವಿನಲ್ಲಿ ಇವೆರಡೂ ಇರುವುದು ಅಪರೂಪವಲ್ಲ. ನಾವು 'ಹಟ' ಎಂದು ಭಾವಿಸುವ ಎಷ್ಟೋ ವರ್ತನೆಗಳ ಹಿಂದೆ ಇಂತಹ ಕಾರಣವಿರುತ್ತದೆ.

ಪಂಚೇಂದ್ರಿಯಗಳ ಜೊತೆಗೆ ಇನ್ನೆರಡು ಅರಿವುಗಳಿಗೆ ಥೆರಪಿಸ್ಟರು ಮಹತ್ತ್ವ ಕೊಡುತ್ತಾರೆ. ಒಂದು, ಒಳಗಿವಿಯಿಂದ ಒದಗುವ ಸಮತೋಲನದ ಅರಿವು. ಇನ್ನೊಂದು, ಸ್ನಾಯು ಮತ್ತು ಕೀಲುಗಳಿಂದ ಒದಗುವ ದೇಹದ ನಿಲುವಿನ ಅರಿವು. ಇವೆಲ್ಲವನ್ನೂ ಮಿದುಳು ಹೇಗೆ ಹೊಂದಿಸಿಕೊಳ್ಳುತ್ತದೆ ಎಂಬುದನ್ನು ಅಮೆರಿಕದ ಥೆರಪಿಸ್ಟ್ ಜೀನ್ ಆಯರ್ಸ್ ಅವರು ವಿವರಿಸಿ, 1972ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಇಂದು ದೆಹಲಿ, ನೋಯ್ಡಾ, ಗುರುಗ್ರಾಮಗಳ ಥೆರಪಿ ಕೇಂದ್ರಗಳಲ್ಲಿ ಕಾಣುವ ಉಯ್ಯಾಲೆ, ದೊಡ್ಡ ಚೆಂಡು, ಜಿಗಿಯುವ ಹಾಸು ಮುಂತಾದವುಗಳ ಮೂಲ ಈ ಚಿಂತನೆಯಲ್ಲಿದೆ.

ಸಂಶೋಧನೆ ಹೇಳುವುದೇನು?

ಇಲ್ಲಿ ಹೆತ್ತವರು ಎಚ್ಚರ ವಹಿಸಬೇಕಾದ ಅಂಶವೊಂದಿದೆ. ಉಯ್ಯಾಲೆಯಲ್ಲಿ ತೂಗಿಸಿದ ಮಾತ್ರಕ್ಕೆ ಆಟಿಸಂ ಗುಣವಾಗುವುದಿಲ್ಲ. ಆಟಿಸಂ ಎಂಬುದು ಔಷಧಿಯಿಂದ ವಾಸಿಯಾಗುವ ರೋಗವಲ್ಲ. ಅದು ಮಿದುಳಿನ ಬೆಳವಣಿಗೆಯ ಬೇರೊಂದು ಬಗೆ. 2014ರಲ್ಲಿ ಅಮೆರಿಕದಲ್ಲಿ 32 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಹೆತ್ತವರೊಡನೆ ಸೇರಿ ಮೊದಲೇ ನಿಗದಿಪಡಿಸಿಕೊಂಡ ಗುರಿಗಳನ್ನು ಮುಟ್ಟಲು ಇಂದ್ರಿಯ ಸಮನ್ವಯ ಚಿಕಿತ್ಸೆ ನೆರವಾಯಿತೆಂದು ಕಂಡುಬಂದಿತು. ಆದರೆ ಬ್ರಿಟನ್ನಿನಲ್ಲಿ 138 ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಇನ್ನೂ ದೊಡ್ಡ ಅಧ್ಯಯನದಲ್ಲಿ, ಸಾಮಾನ್ಯ ಆರೈಕೆಗಿಂತ ಈ ಚಿಕಿತ್ಸೆಯಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ.

ಇದರಿಂದ ಓ.ಟಿ. ನಿರರ್ಥಕ ಎಂದು ತಿಳಿಯಬೇಕಾಗಿಲ್ಲ. ಇಂದ್ರಿಯ ಸಮನ್ವಯವು ಓ.ಟಿ.ಯ ಒಂದು ಭಾಗ ಮಾತ್ರ. ಸ್ನಾನ, ಊಟ, ಉಡುಪು, ಶೌಚ, ಬರವಣಿಗೆ, ಆಟ, ನಿದ್ರೆ ಇವುಗಳ ನೇರ ಅಭ್ಯಾಸ, ಪರಿಸರದ ಮಾರ್ಪಾಡು ಮತ್ತು ಹೆತ್ತವರ ತರಬೇತಿ ಅದರ ಉಳಿದ ಭಾಗಗಳು. ಆದುದರಿಂದ 'ವಾರಕ್ಕೆ ಎಷ್ಟು ಸೆಷನ್?' ಎಂದು ಕೇಳುವ ಮೊದಲು 'ಮೂರು ತಿಂಗಳಲ್ಲಿ ನನ್ನ ಮಗು ಯಾವ ಕೆಲಸವನ್ನು ತಾನೇ ಮಾಡುವಂತಾಗಬೇಕು?' ಎಂದು ಕೇಳುವುದು ಉಚಿತ. 'ಗಮನ ಹೆಚ್ಚಬೇಕು' ಎಂಬುದು ಅಳೆಯಲಾಗದ ಗುರಿ. 'ಊಟಕ್ಕೆ ಹತ್ತು ನಿಮಿಷ ಕುಳಿತು ತಾನೇ ಮೊಸರನ್ನ ತಿನ್ನಬೇಕು' ಎಂಬುದು ಅಳೆಯಬಲ್ಲ ಗುರಿ. ಗುರಿಯನ್ನು ಬರೆದುಕೊಡದ, ಹೆತ್ತವರನ್ನು ಕೋಣೆಯ ಹೊರಗೆ ಕೂರಿಸಿ ಒಳಗೆ ನಡೆದುದನ್ನು ತಿಳಿಸದ, 'ಪೂರ್ಣ ಗುಣಪಡಿಸುತ್ತೇವೆ' ಎಂದು ಆಶ್ವಾಸನೆ ಕೊಡುವ ಕೇಂದ್ರಗಳಿಂದ ದೂರವಿರುವುದು ಒಳಿತು. ಲಕ್ಷಾಂತರ ರೂಪಾಯಿಗಳ ಸ್ಟೆಮ್ ಸೆಲ್ ಚಿಕಿತ್ಸೆಯ ಜಾಹೀರಾತುಗಳಿಗೂ ಮರುಳಾಗಬಾರದು. ಆಟಿಸಂಗೆ ಅದು ಪ್ರಮಾಣಿತ ಚಿಕಿತ್ಸೆಯಲ್ಲ.

ಮನೆಯೇ ಮೊದಲ ಕೇಂದ್ರ

ಥೆರಪಿ ಕೇಂದ್ರದಲ್ಲಿ ಮಗು ಕಳೆಯುವುದು ವಾರಕ್ಕೆ ಎರಡೋ ಮೂರೋ ಗಂಟೆ. ಉಳಿದ ಕಾಲವೆಲ್ಲ ಮನೆಯಲ್ಲಿ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳೊಡನೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ತಜ್ಞರಲ್ಲದ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಹೆತ್ತವರಿಗೆ ಮಾರ್ಗದರ್ಶನ ನೀಡಿದಾಗ ಮಗು ಮತ್ತು ಹೆತ್ತವರ ನಡುವಣ ಸಂವಹನ ಸುಧಾರಿಸಿತೆಂದು ತೋರಿಸಿದೆ. ಅದು ಸಂವಹನಕ್ಕೆ ಸಂಬಂಧಿಸಿದ ಅಧ್ಯಯನವಾದರೂ ಹೆತ್ತವರ ಪಾತ್ರ ಎಷ್ಟು ಹಿರಿದು ಎಂಬುದಕ್ಕೆ ಸಾಕ್ಷಿ.

ನಮ್ಮ ಮನೆಗಳಲ್ಲಿ ಇದಕ್ಕೆ ಬೇಕಾದ ಸಾಧನಗಳು ಈಗಾಗಲೇ ಇವೆ. ಚಪಾತಿ ಹಿಟ್ಟು ನಾದುವುದು, ನೆನೆಸಿದ ಅವರೆಕಾಳನ್ನು ಹಿದುಕುವುದು, ರಂಗೋಲಿ ಪುಡಿಯನ್ನು ಬೆರಳಿನಿಂದ ಬಿಡುವುದು ಕೈಬೆರಳುಗಳಿಗೆ ಬಲವನ್ನೂ ಹಿಡಿತವನ್ನೂ ಕೊಡುತ್ತವೆ. ಅಳಗುಳಿ ಮಣೆ, ಚೌಕಾಬಾರ ಆಡುವಾಗ ಮಗು ತನ್ನ ಸರದಿಗಾಗಿ ಕಾಯುವುದನ್ನು ಕಲಿಯುತ್ತದೆ. ತರಕಾರಿ ಚೀಲವನ್ನು ಹೊರುವುದು, ಒಗೆದ ಬಟ್ಟೆಯ ಬುಟ್ಟಿಯನ್ನು ತಳ್ಳುವುದು ಸ್ನಾಯುಗಳಿಗೆ ಕೆಲಸ ಕೊಟ್ಟು ಕೆಲವು ಮಕ್ಕಳನ್ನು ಶಾಂತಗೊಳಿಸುತ್ತವೆ. ಚಿಕ್ಕ ಮಕ್ಕಳು ಕಾಳುಗಳನ್ನು ಬಾಯಿಗೆ, ಮೂಗಿಗೆ ಹಾಕಿಕೊಳ್ಳದಂತೆ ಹಿರಿಯರೊಬ್ಬರು ಪಕ್ಕದಲ್ಲೇ ಇರಬೇಕು.

ದಿನಚರಿಯನ್ನು ಚಿತ್ರಗಳ ಮೂಲಕ ಗೋಡೆಯ ಮೇಲೆ ತೋರಿಸುವುದು, ಸ್ನಾನದಂತಹ ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದು ಕೊನೆಯ ಹಂತವನ್ನು ಮಗುವಿಗೇ ಬಿಡುವುದು, ದೆಹಲಿಯ ಚಳಿಗಾಲದಲ್ಲಿ ಚುಚ್ಚುವ ಸ್ವೆಟರಿನೊಳಗೆ ಮೆತ್ತನೆಯ ಹತ್ತಿಯ ಅಂಗಿ ತೊಡಿಸುವುದು, ದೀಪಾವಳಿಯ ಪಟಾಕಿ ಸದ್ದಿಗೆ ಮುಂಚಿತವಾಗಿ ಕಿವಿಗವಸು ಸಿದ್ಧವಾಗಿಡುವುದು, ಇವು ಅಲ್ಪ ವೆಚ್ಚದ ಉಪಾಯಗಳು. ಯಾವುದು ನಿಮ್ಮ ಮಗುವಿಗೆ ಹೊಂದುತ್ತದೆ ಎಂಬುದನ್ನು ಥೆರಪಿಸ್ಟರೊಡನೆ ಚರ್ಚಿಸಿ ನಿರ್ಧರಿಸಬೇಕು. ಮಗುವನ್ನು ಬಲವಂತವಾಗಿ ಸದ್ದಿಗೋ ಸ್ಪರ್ಶಕ್ಕೋ 'ಅಭ್ಯಾಸ' ಮಾಡಿಸಲು ಹೋಗುವುದು ತರವಲ್ಲ. ಅದರಿಂದ ಭಯ ಹೆಚ್ಚುವ ಸಂಭವವೇ ಅಧಿಕ.

ಕನ್ನಡವನ್ನು ಬಿಡಬೇಕೆ?

ಹೊರನಾಡ ಕನ್ನಡಿಗರನ್ನು ವಿಶೇಷವಾಗಿ ಕಾಡುವ ಪ್ರಶ್ನೆಯಿದು. ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಹಿಂದಿ, ಮನೆಯಲ್ಲಿ ಕನ್ನಡ. ಇದರಿಂದಲೇ ಮಗುವಿಗೆ ಮಾತು ಬರುತ್ತಿಲ್ಲವೆಂದೂ ಒಂದೇ ಭಾಷೆಯನ್ನು ಆಡಬೇಕೆಂದೂ ಹಲವರು ಸಲಹೆ ನೀಡುತ್ತಾರೆ. ಆದರೆ ಕೆನಡಾದ ಮಾಂಟ್ರಿಯಲ್ ನಗರದಲ್ಲಿ 75 ಮಕ್ಕಳನ್ನು ಕುರಿತು ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವು, ಎರಡು ಭಾಷೆಗಳ ಪರಿಸರದಲ್ಲಿ ಬೆಳೆದ ಆಟಿಸಂ ಮಕ್ಕಳ ಭಾಷಾ ಬೆಳವಣಿಗೆ ಒಂದೇ ಭಾಷೆಯ ಮಕ್ಕಳಿಗಿಂತ ಹಿಂದುಳಿದಿರಲಿಲ್ಲವೆಂದು ತಿಳಿಸಿತು. ಇತರ ಅಧ್ಯಯನಗಳೂ ಇದನ್ನೇ ಸಮರ್ಥಿಸಿವೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ತಾಯಿ ತನಗೆ ಸಹಜವಲ್ಲದ ಇಂಗ್ಲಿಷಿನಲ್ಲಿ ಮಾತನಾಡತೊಡಗಿದರೆ ಮಾತು ಕಡಿಮೆಯಾಗುತ್ತದೆ, ಲಾಲಿತ್ಯ ಮಾಯವಾಗುತ್ತದೆ. ಅಜ್ಜಿ ತಾತಂದಿರೊಡನೆ ಮಗುವಿನ ನಂಟು ಕಡಿದುಹೋಗುತ್ತದೆ. ಆದುದರಿಂದ ಮನೆಯಲ್ಲಿ ಕನ್ನಡವೇ ಇರಲಿ. ಥೆರಪಿಸ್ಟರು ಬಳಸುವ 'ನೀರು', 'ಸಾಕು', 'ಇನ್ನೂ ಬೇಕು' ಎಂಬಂತಹ ಹತ್ತಿಪ್ಪತ್ತು ಮುಖ್ಯ ಪದಗಳ ಹಿಂದಿ, ಕನ್ನಡ ರೂಪಗಳೆರಡನ್ನೂ ಒಂದೇ ಚಿತ್ರಕ್ಕೆ ಹೊಂದಿಸಿ ಪಟ್ಟಿಮಾಡಿ ಎರಡೂ ಕಡೆ ಇಟ್ಟುಕೊಳ್ಳಬಹುದು. ರಜೆಯಲ್ಲಿ ಊರಿಗೆ ಹೋದಾಗ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಾಗಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಾಗಲಿ ಕನ್ನಡದಲ್ಲೇ ಸಲಹೆ ಪಡೆಯಬಹುದು.

ದೆಹಲಿಯಲ್ಲಿ ದೊರೆಯುವ ನೆರವು

ಮಗು ಹೆಸರಿಗೆ ಓಗೊಡದಿದ್ದರೆ, ಬೇಕಾದುದನ್ನು ಬೆರಳು ಮಾಡಿ ತೋರಿಸದಿದ್ದರೆ, ಕಲಿತ ಮಾತನ್ನು ಕಳೆದುಕೊಂಡರೆ ತಡಮಾಡದೆ ಮಕ್ಕಳ ವೈದ್ಯರನ್ನು ಕಾಣಬೇಕು. ಏಮ್ಸ್‌ನ ಮಕ್ಕಳ ನರರೋಗ ವಿಭಾಗದಲ್ಲಿ ಆಟಿಸಂ ತಪಾಸಣೆಯ ವ್ಯವಸ್ಥೆಯಿದೆ. ಮೇಲೆ ಹೇಳಿದ ದೀನದಯಾಳ ಉಪಾಧ್ಯಾಯ ಸಂಸ್ಥೆಯಲ್ಲಿ ಓ.ಟಿ. ಹೊರರೋಗಿ ಸೇವೆಯಿದೆ. ಜಸೋಲಾದಲ್ಲಿರುವ 'ಆಕ್ಷನ್ ಫಾರ್ ಆಟಿಸಂ' ಸಂಸ್ಥೆಯನ್ನು ಆಟಿಸಂ ಇರುವ ಮಗುವಿನ ತಾಯಿಯಾದ ಮೆರಿ ಬರುವಾ ಅವರು 1991ರಲ್ಲಿ ಸ್ಥಾಪಿಸಿದರು. 1994ರಲ್ಲಿ ಅದರ 'ಓಪನ್ ಡೋರ್' ಶಾಲೆ ಆರಂಭವಾಯಿತು. ಹೆತ್ತವರೊಬ್ಬರು ಮಗುವಿನೊಡನೆಯೇ ತರಬೇತಿ ಪಡೆಯುವ ಅಲ್ಲಿನ ಕಾರ್ಯಕ್ರಮ ದೇಶದ ನಾನಾ ಭಾಗಗಳ ಕುಟುಂಬಗಳನ್ನು ಸೆಳೆದಿದೆ.

1995ರ ಅಂಗವಿಕಲರ ಕಾಯಿದೆಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯು ಅದನ್ನು ಸೇರಿಸಿಕೊಂಡಿತು. 2016ರ ಕಾಯಿದೆಯು ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಪ್ರಮಾಣಪತ್ರ ಪಡೆದವರಿಗೆ ರಾಷ್ಟ್ರೀಯ ನ್ಯಾಸದ 'ನಿರಾಮಯ' ವಿಮಾ ಯೋಜನೆಯಡಿ 1 ಲಕ್ಷ ರೂಪಾಯಿಗಳವರೆಗೆ ರಕ್ಷಣೆಯಿದ್ದು, ಥೆರಪಿಯ ವೆಚ್ಚಕ್ಕೂ ಅದರಲ್ಲಿ ಒಂದು ಪಾಲು ಮೀಸಲಾಗಿದೆ. ಸಿ.ಬಿ.ಎಸ್.ಇ. ಪರೀಕ್ಷೆಗಳಲ್ಲಿ ಹೆಚ್ಚುವರಿ ಸಮಯ, ಬರೆಯುವವರ ನೆರವು ಮುಂತಾದ ರಿಯಾಯಿತಿಗಳಿವೆ. ನಮ್ಮಲ್ಲಿ ಅನೇಕರು ಕೇಂದ್ರ ಸರ್ಕಾರದ ನೌಕರರಾದ್ದರಿಂದ ಇನ್ನೊಂದು ವಿಷಯ ತಿಳಿದಿರಬೇಕು: ಅಂಗವೈಕಲ್ಯವುಳ್ಳ ಮಗುವಿನ ಪಾಲನೆಯ ಹೊಣೆ ಹೊತ್ತ ನೌಕರರು 2014 ಮತ್ತು 2018ರ ಆದೇಶಗಳನ್ವಯ ಸಾಮಾನ್ಯ ವರ್ಗಾವಣೆಯಿಂದ ವಿನಾಯಿತಿ ಕೋರಬಹುದು. ಥೆರಪಿ ನಡೆಯುತ್ತಿರುವ ನಡುವೆ ಊರು ಬದಲಾಗುವುದು ಮಗುವಿಗೆ ಎಷ್ಟು ಕಷ್ಟವೆಂದು ಬಲ್ಲವರಿಗೆ ಇದರ ಬೆಲೆ ಗೊತ್ತು.

ನಾವೇನು ಮಾಡಬಹುದು?

ಆಟಿಸಂ ಮಗುವಿನ ಆರೈಕೆಯ ಭಾರ ಬಹುಮಟ್ಟಿಗೆ ತಾಯಿಯ ಹೆಗಲಿಗೇ ಬೀಳುತ್ತದೆ. ತವರು ಎರಡು ಸಾವಿರ ಕಿಲೋಮೀಟರ್ ದೂರವಿರುವ ರಾಜಧಾನಿಯಲ್ಲಿ ಆಕೆಗೆ ಒಂದು ಗಂಟೆ ಬಿಡುವು ದೊರಕಿಸಿಕೊಡುವ ಅತ್ತಿಗೆಯಾಗಲಿ ಚಿಕ್ಕಮ್ಮನಾಗಲಿ ಹತ್ತಿರ ಇರುವುದಿಲ್ಲ. ಆ ಸ್ಥಾನವನ್ನು ಕನ್ನಡ ಸಂಘಗಳು ಸ್ವಲ್ಪಮಟ್ಟಿಗಾದರೂ ತುಂಬಬಲ್ಲವು. ಸಮಾರಂಭಗಳಲ್ಲಿ ಧ್ವನಿವರ್ಧಕವಿಲ್ಲದ ಒಂದು ಶಾಂತ ಕೊಠಡಿಯನ್ನು ಬಿಟ್ಟುಕೊಡುವುದು, ಕಾರ್ಯಕ್ರಮಗಳ ವೇಳಾಪಟ್ಟಿಯನ್ನು ಮುಂಚಿತವಾಗಿ ತಿಳಿಸುವುದು, ಇಂತಹ ಕುಟುಂಬಗಳಿಗೆ ಊಟದ ಸಾಲಿನಲ್ಲಿ ಆದ್ಯತೆ ನೀಡುವುದು ದೊಡ್ಡ ಖರ್ಚಿನ ಕೆಲಸಗಳಲ್ಲ. ಹೆತ್ತವರು ಪರಸ್ಪರ ಭೇಟಿಯಾಗಲು ತಿಂಗಳಿಗೊಮ್ಮೆ ಒಂದು ಕೊಠಡಿ ದೊರೆತರೆ, ಯಾವ ಶಾಲೆ ಸೇರಿಸಿಕೊಳ್ಳುತ್ತದೆ, ಯಾವ ಥೆರಪಿಸ್ಟರು ಹೆತ್ತವರಿಗೆ ಕಲಿಸುತ್ತಾರೆ ಎಂಬ ಅನುಭವದ ತಿಳಿವಳಿಕೆ ಕನ್ನಡದಲ್ಲೇ ಕೈಯಿಂದ ಕೈಗೆ ಸಾಗುತ್ತದೆ.

ಮುಂದಿನ ಸಮಾರಂಭದಲ್ಲಿ ಮಗುವೊಂದು ಕಿವಿ ಮುಚ್ಚಿಕೊಂಡು ಅಳುವುದನ್ನು ಕಂಡರೆ ತಿರುಗಿ ನೋಡಿ ಪಿಸುಗುಟ್ಟುವ ಬದಲು, "ಅಮ್ಮಾ, ಆಚೆ ಕಡೆ ಗಲಾಟೆ ಕಡಿಮೆ ಇದೆ, ಬನ್ನಿ" ಎಂದು ದಾರಿ ತೋರಿಸೋಣ. ಆ ಕುಟುಂಬ ಮುಂದಿನ ವರ್ಷವೂ ನಮ್ಮ ನಡುವೆ ಇರುವುದಕ್ಕೆ ಅದೇ ಕಾರಣವಾದೀತು.