ನೌಕರಿಯನ್ನು ತೂಗುವುದು ಹೇಗೆ?

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನಲ್ಲಿ ಹಿರೇಬೆಂಡಿಗೇರಿ ಎಂಬ ಊರಿದೆ. ಸುತ್ತಲಿನ ಸೀಮೆಯು ಗೋವಿನಜೋಳ, ಹತ್ತಿ ಮೊದಲಾದವುಗಳನ್ನು ಬೆಳೆಯುವ ಬೇಸಾಯದ ನಾಡು. ಇಂಥ ಊರಿನ ತರುಣನೊಬ್ಬನಿಗೆ ನೌಕರಿ ದೊರೆಯಿತೆಂಬ ಸುದ್ದಿ ಹರಡಿದೊಡನೆ ಕಟ್ಟೆಯ ಮೇಲೆ ಕುಳಿತ ಹಿರಿಯರು ಕೇಳುವ ಮೊದಲನೆಯ ಪ್ರಶ್ನೆ ಒಂದೇ: “ಪಗಾರ ಎಷ್ಟೋ ತಮ್ಮಾ?” ಪ್ರಶ್ನೆಯೇನೋ ಸಹಜವಾದುದು. ಮಳೆಯನ್ನು ನಂಬಿ ಬಾಳುವ ಮನೆಗೆ, ತಿಂಗಳು ತಿಂಗಳೂ ತಪ್ಪದೆ ಬರುವ ಹಣದ ಬೆಲೆ ಚೆನ್ನಾಗಿ ಗೊತ್ತು. ಆದರೆ ಎರಡನೆಯ ಪ್ರಶ್ನೆಯನ್ನು ಕೇಳುವವರು ವಿರಳ.

ಆ ತರುಣನಿಗೆ ಏಕಕಾಲದಲ್ಲಿ ಎರಡು ನೌಕರಿಗಳು ಒದಗಿದುವೆಂದು ಭಾವಿಸೋಣ. ಒಂದು ಹುಬ್ಬಳ್ಳಿಯಲ್ಲಿ, ಸಂಬಳ ತಿಂಗಳಿಗೆ 20,000 ರೂಪಾಯಿ. ಇನ್ನೊಂದು ಶಿಗ್ಗಾಂವಿಯಲ್ಲಿ, ಸಂಬಳ 16,000 ರೂಪಾಯಿ. ಯಾವುದು ಮೇಲು? ಸಂಬಳವೊಂದನ್ನೇ ನೋಡಿದರೆ ಉತ್ತರ ಹೇಳಲು ಕ್ಷಣವೂ ಬೇಡ. ಅಂಕಿಯಲ್ಲಿ ಹೇಳಬಹುದಾದ ಸಂಗತಿಯು ಥಟ್ಟನೆ ಕಣ್ಣಿಗೆ ಬೀಳುತ್ತದೆ. ಹಾಗೆ ಹೇಳಲಾಗದ ಸಂಗತಿಗಳು ಅದರ ಮರೆಯಲ್ಲಿ ಅಡಗಿಬಿಡುತ್ತವೆ. ಎಚ್ಚರವಾಗಿರುವ ಹೊತ್ತಿನ ಅರ್ಧಭಾಗವನ್ನು ನುಂಗುವ ನೌಕರಿಯ ವಿಷಯದಲ್ಲಿ ಇಂಥ ಮರೆವು ಅಪಾಯಕರ. ಅಡಗಿದ ಆ ಸಂಗತಿಗಳಾವುವು, ಅವುಗಳನ್ನು ಅಳೆಯಲು ಸಾಧ್ಯವೇ ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲಿಗೆ ಹಣದ ಮಾತನ್ನೇ ಆಡೋಣ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಅವನ ಸಂಗಡಿಗರು ಪಿಟ್ಸ್‌ಬರ್ಗ್ ನಗರದ ಪರಿಸರದಲ್ಲಿ ಸುಮಾರು 200 ಮಂದಿ ಇಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಕಂಡು, ಕೆಲಸದಲ್ಲಿ ಅತ್ಯಂತ ಸಂತೋಷವಾದ ಸಂದರ್ಭವಾವುದು, ಅತ್ಯಂತ ಬೇಸರವಾದ ಸಂದರ್ಭವಾವುದು ಎಂದು ಕೇಳಿದರು. ಅವರ ಗ್ರಂಥವು 1959ರಲ್ಲಿ ಪ್ರಕಟವಾಯಿತು. ಸಂತೋಷದ ಕಾರಣಗಳೂ ಬೇಸರದ ಕಾರಣಗಳೂ ಬೇರೆಬೇರೆಯಾಗಿದ್ದುದು ಕಂಡುಬಂದಿತು. ಸಂಸ್ಥೆಯ ಕಟ್ಟಳೆ, ಮೇಲಧಿಕಾರಿಯ ವರ್ತನೆ, ಸಂಬಳ ಇವು ಸರಿಯಿಲ್ಲದಿದ್ದಾಗ ಜನರು ಬೇಸತ್ತರು. ಆದರೆ ಸಂತೋಷವನ್ನು ನೆನೆದಾಗ ಅವರು ಹೆಚ್ಚಾಗಿ ಹೇಳಿದುದು ಸಾಧನೆ, ಮನ್ನಣೆ ಮತ್ತು ಕೆಲಸದ ಸ್ವಾರಸ್ಯಗಳನ್ನು. ಒಳ್ಳೆಯದಕ್ಕೆ ತಾನು ಕಾರಣ, ಕೆಟ್ಟುದಕ್ಕೆ ಪರರು ಕಾರಣ ಎನ್ನುವುದು ಮನುಷ್ಯನ ಸ್ವಭಾವವಾದುದರಿಂದ ಈ ಉತ್ತರಗಳನ್ನು ಹಾಗೆಯೇ ನಂಬಲಾಗದೆಂದು ಮುಂದೆ ಕೆಲವರು ಆಕ್ಷೇಪಿಸಿದರು. ಆದರೂ ಒಂದು ಎಚ್ಚರಿಕೆಯಂತೂ ಉಳಿಯಿತು: ಸಂಬಳದ ಕೊರತೆಯು ಬಾಳನ್ನು ಕೆಡಿಸಬಲ್ಲುದು, ಸಂಬಳವೊಂದೇ ಬಾಳನ್ನು ತುಂಬಲಾರದು.

ಹಾಗಾದರೆ ಸಂಬಳದ ಜೊತೆಗೆ ನೋಡಬೇಕಾದುದೇನು? ಮೊದಲನೆಯದು ಕಾಲ. ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ಹುಬ್ಬಳ್ಳಿಗೆ, ಬಸ್ಸಿಗಾಗಿ ಕಾಯುವುದೂ ಸೇರಿ, ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 25 ದಿನವಾದರೆ ಪ್ರಯಾಣಕ್ಕೆ 75 ಗಂಟೆ, ಕೆಲಸಕ್ಕೆ 200 ಗಂಟೆ. ಒಟ್ಟು 275 ಗಂಟೆ. ಬಸ್ಸು, ಚಹಾ, ತಿಂಡಿಗಳಿಗೆ 2,500 ರೂಪಾಯಿ ಕಳೆದರೆ ಉಳಿಯುವುದು 17,500. ಗಂಟೆಗೆ ಸುಮಾರು 64 ರೂಪಾಯಿಯಾಯಿತು. ಶಿಗ್ಗಾಂವಿಗೆ ಹೋಗಿಬರಲು ದಿನಕ್ಕೆ ಒಂದೇ ಗಂಟೆ, ಖರ್ಚು 1,000 ರೂಪಾಯಿ ಎಂದಾದರೆ, 225 ಗಂಟೆಗೆ 15,000 ರೂಪಾಯಿ. ಗಂಟೆಗೆ ಸುಮಾರು 67 ರೂಪಾಯಿ. 4,000 ರೂಪಾಯಿ ಹೆಚ್ಚು ಕೊಡುವ ನೌಕರಿಯು ಗಂಟೆಯ ಲೆಕ್ಕದಲ್ಲಿ ಕಡಿಮೆಯದಾಗಿ ಪರಿಣಮಿಸಿತು!

ಹಾಗೆಂದು ಹುಬ್ಬಳ್ಳಿಯ ನೌಕರಿ ಬೇಡವೆಂದಲ್ಲ. ತಿಂಗಳ ಕೊನೆಗೆ ಅಲ್ಲಿ 2,500 ರೂಪಾಯಿ ಹೆಚ್ಚು ಉಳಿಯುತ್ತದೆಯಷ್ಟೆ? ಅದಕ್ಕಾಗಿ ತೆರುವುದು 50 ಗಂಟೆಗಳನ್ನು. ಎಂದರೆ ಆ ತರುಣನು ತನ್ನ ಬಿಡುವನ್ನು ಗಂಟೆಗೆ 50 ರೂಪಾಯಿಯಂತೆ ಮಾರುತ್ತಿದ್ದಾನೆ. ಆ ಬೆಲೆಗೆ ಮಾರಬಹುದೇ ಎಂಬುದು ಅವನೇ ಕೇಳಿಕೊಳ್ಳಬೇಕಾದ ಪ್ರಶ್ನೆ. ಹುಬ್ಬಳ್ಳಿಯಲ್ಲಿಯೇ ಕೋಣೆ ಹಿಡಿದರೆ ಗಂಟೆಗಳು ಉಳಿಯುತ್ತವೆ. ಬಾಡಿಗೆಯೂ ಊಟದ ಖರ್ಚೂ ಲೆಕ್ಕಕ್ಕೆ ಸೇರುತ್ತವೆ. ಜರ್ಮನಿಯ ಕುಟುಂಬಗಳಿಂದ ಅನೇಕ ವರ್ಷ ಸಂಗ್ರಹಿಸಿದ ಮಾಹಿತಿಯನ್ನು ಅರ್ಥಶಾಸ್ತ್ರಜ್ಞರಾದ ಅಲೋಯಿಸ್ ಸ್ಟುಟ್ಸರ್ ಮತ್ತು ಬ್ರೂನೋ ಫ್ರೈ ಪರಿಶೀಲಿಸಿದಾಗ, ದೂರ ಪ್ರಯಾಣದ ನೌಕರರು ಬಾಳಿನಲ್ಲಿ ಕಡಿಮೆ ತೃಪ್ತರಾಗಿದ್ದುದು ತಿಳಿದುಬಂದಿತು. ಸಂಬಳವಾಗಲಿ ಇತರ ಅನುಕೂಲಗಳಾಗಲಿ ಆ ನಷ್ಟವನ್ನು ಪೂರ್ತಿಯಾಗಿ ತುಂಬಿರಲಿಲ್ಲ.

ಎರಡನೆಯದು ಸ್ವಾತಂತ್ರ್ಯ. ಹೊಲದಲ್ಲಿ ದುಡಿಯುವ ರೈತನ ಶ್ರಮ ಕಡಿಮೆಯದಲ್ಲ. ಆದರೆ ಯಾವಾಗ ಬಿತ್ತಬೇಕು, ಯಾವಾಗ ಎಡೆ ಹೊಡೆಯಬೇಕು ಎಂಬುದನ್ನು ಮೋಡವನ್ನೂ ಮಣ್ಣಿನ ಹದವನ್ನೂ ನೋಡಿ ಅವನೇ ತೀರ್ಮಾನಿಸುತ್ತಾನೆ. ಕೆಲಸದಲ್ಲಿ ಇಂಥ ಹಿಡಿತವಿರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಅಂತರವು ಹೃದಯದ ವರೆಗೂ ಮುಟ್ಟುತ್ತದೆಂದು ವೈದ್ಯಕೀಯ ಸಮೀಕ್ಷೆಗಳು ಸೂಚಿಸಿವೆ. 1967ರಲ್ಲಿ ಲಂಡನ್ ನಗರದ ಸುಮಾರು 18,000 ಮಂದಿ ಸರಕಾರಿ ನೌಕರರ ಆರೋಗ್ಯದ ಅಧ್ಯಯನವು ಆರಂಭವಾಯಿತು. ಆಡಳಿತ ಕಚೇರಿಗಳಿರುವ ಬೀದಿಯ ಹೆಸರಿನಿಂದ ಅದು ವೈಟ್‌ಹಾಲ್ ಅಧ್ಯಯನವೆಂದು ಪ್ರಸಿದ್ಧವಾಗಿದೆ. ಇವರಲ್ಲಿ ಯಾರೂ ನಿರ್ಗತಿಕರಲ್ಲ. ಎಲ್ಲರದೂ ಭದ್ರವಾದ ನೌಕರಿ. ಆದರೂ ಕೆಳಗಿನ ದರ್ಜೆಯವರಲ್ಲಿ ಹೃದ್ರೋಗದಿಂದಾಗುವ ಮರಣವು ಮೇಲಿನ ದರ್ಜೆಯವರಿಗಿಂತ ಸುಮಾರು ಮೂರು ಪಟ್ಟು ಇದ್ದಿತು. ಧೂಮಪಾನ, ರಕ್ತದ ಒತ್ತಡ ಮೊದಲಾದವು ಈ ಅಂತರದ ಒಂದು ಭಾಗವನ್ನು ಮಾತ್ರ ವಿವರಿಸಿದುವು.

ಮತ್ತೆ 1985ರಿಂದ 10,308 ಮಂದಿ ಸ್ತ್ರೀಪುರುಷ ನೌಕರರ ಮೇಲೆ ಎರಡನೆಯ ಅಧ್ಯಯನವು ಮೈಕೆಲ್ ಮಾರ್ಮಟ್ ಅವರ ನೇತೃತ್ವದಲ್ಲಿ ನಡೆಯಿತು. ತಮ್ಮ ಕೆಲಸದ ರೀತಿಯನ್ನೂ ವೇಗವನ್ನೂ ತೀರ್ಮಾನಿಸುವ ಅಧಿಕಾರವಿಲ್ಲದವರಲ್ಲಿ ಹೃದ್ರೋಗದ ಸಂಭವ ಹೆಚ್ಚೆಂದು ಅದರಿಂದ ತಿಳಿದುಬಂದಿತು. ದೇಹವು ಬೆದರಿಕೆಯನ್ನು ಎದುರಿಸುವಾಗ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಬಿಡುತ್ತದೆ. ಹೊತ್ತು ಹೊತ್ತಿಗೆ ಇವು ಉಪಕಾರಿ. ಆದರೆ ದಿನವೂ ಇಂಥ ಒತ್ತಡದಲ್ಲಿಯೇ ಇರುವುದು ರಕ್ತನಾಳಗಳಿಗೆ ಹಿತವಲ್ಲ. ಆದಕಾರಣ, ನೌಕರಿಗೆ ಸೇರುವ ಮುನ್ನ “ಇಲ್ಲಿ ನನ್ನ ವಿವೇಚನೆಗೆ ಎಷ್ಟು ಎಡೆಯಿದೆ?” ಎಂದು ವಿಚಾರಿಸುವುದು ಅಹಂಕಾರವಲ್ಲ, ಆರೋಗ್ಯದ ಮುನ್ನೆಚ್ಚರಿಕೆ.

ಮೂರನೆಯದು ಬೆಳವಣಿಗೆ. ಚಂದ್ರಶೇಖರ ವೆಂಕಟರಾಮನ್ ಅವರು 1907ರಲ್ಲಿ ಕಲ್ಕತ್ತೆಯಲ್ಲಿ ಸರಕಾರದ ಹಣಕಾಸು ಇಲಾಖೆಯ ಅಧಿಕಾರಿಯಾದರು. ಕಚೇರಿಗೆ ಮುಂಚಿನ ಹಾಗೂ ಅನಂತರದ ಬಿಡುವಿನಲ್ಲಿ ಅಲ್ಲಿನ ವಿಜ್ಞಾನ ಪರಿಷತ್ತಿನ ಪ್ರಯೋಗಶಾಲೆಯಲ್ಲಿ ದುಡಿದರು. 1917ರಲ್ಲಿ ಆ ದೊಡ್ಡ ಸಂಬಳದ ಹುದ್ದೆಯನ್ನು ಬಿಟ್ಟು, ಬಹಳ ಕಡಿಮೆ ಸಂಬಳದ ಪ್ರಾಧ್ಯಾಪಕ ಪದವಿಯನ್ನು ಸ್ವೀಕರಿಸಿದರು. 1928ರ ರಾಮನ್ ಪರಿಣಾಮ, 1930ರ ನೊಬೆಲ್ ಬಹುಮಾನ, 1933ರಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರದ ನಿರ್ದೇಶಕತ್ವ ಎಲ್ಲವೂ ಆಮೇಲಿನ ಮಾತು. ಸಂಬಳ ಬಿಟ್ಟವರೆಲ್ಲರೂ ರಾಮನ್ನರಾಗುವುದಿಲ್ಲ, ನಿಜ. ಆದರೆ ಅವರು ಹಾರಿದ್ದು ಕತ್ತಲೆಗಲ್ಲ. ಹತ್ತು ವರ್ಷ ಆ ಕೆಲಸವನ್ನು ಮಾಡಿ ನೋಡಿ, ತಮಗೆ ಅದೇ ಬೇಕೆಂದು ಖಚಿತಪಡಿಸಿಕೊಂಡಿದ್ದರು.

ಸರ್ ಎಂ. ವಿಶ್ವೇಶ್ವರಯ್ಯನವರು ಬೇರೊಂದು ಪಾಠವನ್ನು ಕಲಿಸುತ್ತಾರೆ. ಮೈಸೂರು ಸಂಸ್ಥಾನವು ಮುಖ್ಯ ಇಂಜಿನಿಯರ್ ಹುದ್ದೆಗೆ ಅವರನ್ನು ಕರೆದಾಗ ಅವರು ಒಡನೆಯೇ ಒಪ್ಪಲಿಲ್ಲ. ಶಿಕ್ಷಣ, ಕೈಗಾರಿಕೆಗಳ ಅಭಿವೃದ್ಧಿಗಾಗಿ ದುಡಿಯಲು ಅಲ್ಲಿ ಅವಕಾಶವಿರುವುದೇ ಎಂದು ಮೊದಲು ವಿಚಾರಿಸಿ, 1909ರಲ್ಲಿ ಆ ಹುದ್ದೆಯನ್ನು ವಹಿಸಿಕೊಂಡರು. ಸಂದರ್ಶನದಲ್ಲಿ ಪ್ರಶ್ನೆ ಕೇಳುವ ಹಕ್ಕು ಕರೆದವರಿಗೆ ಮಾತ್ರವಲ್ಲ, ಬಂದವರಿಗೂ ಉಂಟು. ಮೊದಲ ವರ್ಷದಲ್ಲಿ ನಾನು ಏನನ್ನು ಕಲಿಯುವೆನು, ಯಾರು ಕಲಿಸುವರು, ನನಗಿಂತ ಮುಂಚೆ ಈ ಸ್ಥಾನದಲ್ಲಿದ್ದವರು ಈಗ ಎಲ್ಲಿದ್ದಾರೆ ಎಂಬ ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳಿದರೆ ಯಾರೂ ತಪ್ಪು ತಿಳಿಯಲಾರರು.

ಇಷ್ಟನ್ನೂ ಒಟ್ಟಿಗೆ ತೂಗುವುದು ಹೇಗೆ? ಇದಕ್ಕೊಂದು ಹಳೆಯ ಉಪಾಯವಿದೆ. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಧರ್ಮಬೋಧಕನಾಗಿದ್ದ ಜೋಸೆಫ್ ಪ್ರೀಸ್ಟ್ಲಿಗೆ, ಷೆಲ್ಬರ್ನ್ ಪ್ರಭುವಿನ ಬಳಿ ವರ್ಷಕ್ಕೆ 250 ಪೌಂಡುಗಳ ನೌಕರಿಯು ಒದಗಿತು. ಆತನು ಸಂದೇಹಕ್ಕೆ ಬಿದ್ದು ಮಿತ್ರನಾದ ಬೆಂಜಮಿನ್ ಫ್ರಾಂಕ್ಲಿನ್ನನ ಸಲಹೆ ಕೇಳಿದನು. ಯಾವುದನ್ನು ಆರಿಸಬೇಕೆಂದು ಫ್ರಾಂಕ್ಲಿನ್ ಹೇಳಲಿಲ್ಲ; ಆರಿಸುವ ಬಗೆಯನ್ನು 1772ರ ಸೆಪ್ಟೆಂಬರ್ 19ರ ಪತ್ರದಲ್ಲಿ ತಿಳಿಸಿದನು. ಹಾಳೆಯ ನಡುವೆ ಗೆರೆಯೆಳೆದು, ಅನುಕೂಲಗಳನ್ನು ಒಂದು ಕಡೆ, ಪ್ರತಿಕೂಲಗಳನ್ನು ಇನ್ನೊಂದು ಕಡೆ, ಮೂರು ನಾಲ್ಕು ದಿನಗಳ ವರೆಗೆ ತೋಚಿದಾಗಲೆಲ್ಲ ಬರೆಯುತ್ತ ಹೋಗಬೇಕು. ಬಳಿಕ ಸಮತೂಕದವುಗಳನ್ನು ಎರಡೂ ಕಡೆಗಳಿಂದ ಹೊಡೆದುಹಾಕಬೇಕು. ಒಂದು ಅನುಕೂಲವು ಎರಡು ಪ್ರತಿಕೂಲಗಳಿಗೆ ಸಮವೆಂದು ತೋರಿದರೆ ಮೂರನ್ನೂ ಹೊಡೆಯಬೇಕು. ಕೊನೆಗೆ ಯಾವ ಕಡೆ ಉಳಿಯುತ್ತದೆಯೋ ಅತ್ತ ತೀರ್ಮಾನ. ಪ್ರೀಸ್ಟ್ಲಿಯು ಆ ನೌಕರಿಗೆ ಸೇರಿದನು. ಅಲ್ಲಿ ದೊರೆತ ಬಿಡುವಿನಲ್ಲಿ, 1774ರ ಆಗಸ್ಟ್ 1ರಂದು, ಪಾದರಸದ ಕೆಂಪು ಭಸ್ಮವನ್ನು ಮಸೂರದಿಂದ ಬಿಸಿಲು ಹಾಯಿಸಿ ಕಾಯಿಸಿ, ನಾವು ಇಂದು ಆಮ್ಲಜನಕವೆಂದು ಕರೆಯುವ ಅನಿಲವನ್ನು ಪಡೆದನು.

ನಮ್ಮ ತರುಣನೂ ಇಂಥ ಹಾಳೆಯೊಂದನ್ನು ಬರೆಯಲಿ. ಮನೆಯ ತಲೆಯ ಮೇಲೆ ಸಾಲವಿದ್ದರೆ ಆ 2,500 ರೂಪಾಯಿಯ ತೂಕವೇ ಹೆಚ್ಚಾದೀತು. ಅದರಲ್ಲಿ ನಾಚಿಕೆಯೇನೂ ಇಲ್ಲ. ಹುಬ್ಬಳ್ಳಿಯಲ್ಲಿ ಒಳ್ಳೆಯ ಕಸುಬನ್ನು ಕಲಿಸುವ ಗುರುವೊಬ್ಬನಿದ್ದರೆ ದಿನಕ್ಕೆ ಮೂರು ಗಂಟೆಯ ಬಸ್ಸನ್ನೂ ಸಹಿಸಬಹುದು. ಸಂಜೆ ಓದಿ ಪರೀಕ್ಷೆಗೆ ಕೂಡುವ ಹಂಬಲವಿದ್ದರೆ, ಇಲ್ಲವೇ ಬಿತ್ತನೆಯ ಕಾಲದಲ್ಲಿ ತಂದೆಗೆ ನೆರವಾಗಬೇಕಿದ್ದರೆ, ಶಿಗ್ಗಾಂವಿಯ ಕಡೆಗೇ ತಕ್ಕಡಿ ವಾಲೀತು. ಒಬ್ಬನಿಗೆ ಸರಿಯಾದ ಉತ್ತರವು ಅವನ ನೆರೆಮನೆಯವನಿಗೆ ಸರಿಯಾಗಬೇಕಾಗಿಲ್ಲ.

ನಿಮ್ಮಲ್ಲಿ ಅನೇಕರು ಇನ್ನು ಕೆಲವೇ ವರ್ಷಗಳಲ್ಲಿ ಇಂಥ ಕವಲುದಾರಿಯಲ್ಲಿ ನಿಲ್ಲುವಿರಿ. ಆಗ ಹಿರಿಯರು ಪಗಾರವೆಷ್ಟೆಂದು ಕೇಳಿದರೆ ಸಂತೋಷವಾಗಿ ಹೇಳಿರಿ. ಆದರೆ ಅದಕ್ಕೆ ಮುಂಚೆ ನಿಮ್ಮ ಹಾಳೆಯಲ್ಲಿ ಕಾಲ, ಸ್ವಾತಂತ್ರ್ಯ, ಬೆಳವಣಿಗೆ ಎಂಬ ಮೂರು ಸಾಲುಗಳನ್ನೂ ಬರೆದು ತೂಗಿರಿ.