ಕಡಿಮೆ ಬೆಲೆಯ ಸ್ಮಾರ್ಟ್‌ಫೋನ್: ಕೊಳ್ಳುವ ಮೊದಲು ಒಂದು ಪರೀಕ್ಷೆ

ಬೆಳ್ತಂಗಡಿ ತಾಲ್ಲೂಕಿನ ಕಕ್ಕಿಂಜೆ, ಚಾರ್ಮಾಡಿ ಘಾಟಿಯ ಬುಡದಲ್ಲಿರುವ ಊರು. ಸುತ್ತಲೂ ಅಡಿಕೆ ತೋಟ. ಪೂರ್ವಕ್ಕೆ ಎತ್ತರದ ಬೆಟ್ಟಸಾಲು. ಇಲ್ಲಿಂದ ಉಜಿರೆಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವ ವಿದ್ಯಾರ್ಥಿ ನೀವು ಎಂದಿಟ್ಟುಕೊಳ್ಳಿ. ನಿಮಗೊಂದು ಕಡಿಮೆ ಬೆಲೆಯ ಫೋನು ಬೇಕಾಗಿದೆ. ಪಾಠದ ವಿಡಿಯೋ, ಹಣದ ವ್ಯವಹಾರ, ಮನೆಗೊಂದು ಕರೆ, ಸಂಜೆ ಗೆಳೆಯರೊಡನೆ ಆಟ, ಎಲ್ಲವೂ ಅದರಲ್ಲೇ ಆಗಬೇಕು. ಅದಕ್ಕೆ ಕೊಡುವ ಹಣ ಅಮ್ಮ ಬೀಡಿ ಕಟ್ಟಿ ಕೂಡಿಟ್ಟದ್ದಾದರೆ, ಆಯ್ಕೆ ತಪ್ಪಿದ ಮೇಲೆ ಮತ್ತೊಂದು ಕೊಳ್ಳುವುದು ಸುಲಭವಲ್ಲ. ಆದ್ದರಿಂದ ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಓದುವುದನ್ನು ಮೊದಲು ಕಲಿಯೋಣ.

ಆಟಕ್ಕೆ ಮುಖ್ಯವಾದುದು ಪ್ರೊಸೆಸರ್. ಅದು ಕೆಲಸ ಮಾಡಿದಷ್ಟೂ ಬಿಸಿಯಾಗುತ್ತದೆ. ಬಿಸಿ ಮಿತಿ ಮೀರಿದರೆ ಫೋನು ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ತಗ್ಗಿಸುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ಸರಾಗವಾಗಿ ಓಡಿದ ಆಟ, ಏಪ್ರಿಲ್ ತಿಂಗಳ ಕರಾವಳಿ ಸೆಕೆಯಲ್ಲಿ ಅರ್ಧ ಗಂಟೆಯಾದಾಗ ತಡವರಿಸುವುದು ಇದರಿಂದಲೇ. ಅದೇ ಮಾದರಿಯ ಫೋನು ಗೆಳೆಯರಲ್ಲಿದ್ದರೆ ಅರ್ಧ ಗಂಟೆ ಆಡಿ ನೋಡಿ. ಮೊದಲ ಐದು ನಿಮಿಷಕ್ಕಿಂತ ಕೊನೆಯ ಐದು ನಿಮಿಷವೇ ಅದರ ನಿಜವಾದ ಅಂಕಪಟ್ಟಿ.

ಪರದೆಯ ಮೇಲೆ 120 ಹರ್ಟ್ಸ್ ಎಂದು ಬರೆದಿರುತ್ತಾರೆ. ಪರದೆ ಸೆಕೆಂಡಿಗೆ 120 ಬಾರಿ ಚಿತ್ರವನ್ನು ಹೊಸದಾಗಿ ತೋರಿಸಬಲ್ಲದು ಎಂದಷ್ಟೇ ಇದರ ಅರ್ಥ. ಅಷ್ಟು ಚಿತ್ರಗಳನ್ನು ಪ್ರೊಸೆಸರ್ ರಚಿಸಿಕೊಡಬೇಕಲ್ಲವೇ? ಅದು 40 ಚಿತ್ರಗಳನ್ನಷ್ಟೇ ಕೊಟ್ಟರೆ ನಿಮಗೆ ಕಾಣುವುದೂ 40 ಮಾತ್ರ. ಹಾಗೆಯೇ 'ರ‍್ಯಾಮ್ 4+4' ಎಂದಿದ್ದರೆ ನಿಜವಾದ ರ‍್ಯಾಮ್ 4 ಜಿಬಿ. ಉಳಿದದ್ದು ಸಂಗ್ರಹದಿಂದ ಎರವಲು ಪಡೆದದ್ದು, ಬಹಳ ನಿಧಾನ. ಸಂಗ್ರಹದಲ್ಲೂ ಎರಡು ಬಗೆ: ಇಎಂಎಂಸಿ ಒಮ್ಮೆಗೆ ಓದುತ್ತದೆ ಇಲ್ಲವೇ ಬರೆಯುತ್ತದೆ, ಯುಎಫ್‌ಎಸ್ ಎರಡನ್ನೂ ಏಕಕಾಲದಲ್ಲಿ ಮಾಡುತ್ತದೆ. ಎರಡು ಫೋನುಗಳ ಬೆಲೆ ಹತ್ತಿರವಿದ್ದರೆ ಯುಎಫ್‌ಎಸ್ ಇರುವುದನ್ನೇ ಆರಿಸಿ.

ಇನ್ನು ಬ್ಯಾಟರಿ. 5000 ಮಿಲಿಆಂಪಿಯರ್-ಗಂಟೆ ಎಂದರೆ, ಸರಾಸರಿ 250 ಮಿಲಿಆಂಪಿಯರ್ ಬಳಸಿದರೆ 20 ಗಂಟೆ, 1000 ಬಳಸಿದರೆ 5 ಗಂಟೆ. ಇದು ಸರಳ ಭಾಗಾಕಾರ. ಆದರೆ ಸಿಗ್ನಲ್ ದುರ್ಬಲವಾಗಿರುವಲ್ಲಿ ಫೋನು ಟವರನ್ನು ತಲುಪಲು ಹೆಚ್ಚು ಶಕ್ತಿಯಿಂದ ಪ್ರಸಾರ ಮಾಡಬೇಕಾಗುತ್ತದೆ. ಹೀಗಾಗಿ ಪೇಟೆಯಲ್ಲಿ ದಿನವಿಡೀ ಬರುವ ಬ್ಯಾಟರಿ, ಗುಡ್ಡದ ಮರೆಯ ಮನೆಯಲ್ಲಿ ಸಂಜೆಗೇ ಮುಗಿಯಬಹುದು. ಮಳೆಗಾಲದಲ್ಲಿ ಕರೆಂಟು ಹೋದಾಗ ಈ ವ್ಯತ್ಯಾಸದ ಬೆಲೆ ಗೊತ್ತಾಗುತ್ತದೆ.

ಆದ್ದರಿಂದ ಫೋನಿಗಿಂತ ಮೊದಲು ಸಿಮ್ಮನ್ನು ಪರೀಕ್ಷಿಸಿ. ಯಾವ ಕಂಪನಿಯ ಸಿಗ್ನಲ್ ನಿಮ್ಮ ಮನೆಯ ಒಳಕೋಣೆಗೂ ಬರುತ್ತದೆಂದು ನೋಡಿ. ಕಡಿಮೆ ಆವರ್ತನದ ಅಲೆಗಳು ದೂರ ಸಾಗುತ್ತವೆ. ಗೋಡೆ, ಮರಗಳನ್ನೂ ಹೆಚ್ಚು ಚೆನ್ನಾಗಿ ದಾಟುತ್ತವೆ. ಹಾಗಾಗಿ ಹಳ್ಳಿಗಾಡಿಗೆ 700 ಮೆಗಾಹರ್ಟ್ಸ್ ಪಟ್ಟಿ ಅನುಕೂಲ. ಫೋನಿನ ವಿವರಪಟ್ಟಿಯಲ್ಲಿ ಇದನ್ನು 4ಜಿಗೆ ಬಿ28, 5ಜಿಗೆ ಎನ್28 ಎಂದು ಬರೆದಿರುತ್ತಾರೆ. ಜಾಲದ ಆಟದಲ್ಲಿ ವೇಗಕ್ಕಿಂತ ವಿಳಂಬವೇ ಹೆಚ್ಚು ಕಾಡುತ್ತದೆ. ನಿಮ್ಮ ಬೆರಳಿನ ಆಜ್ಞೆ ಸರ್ವರಿಗೆ ಹೋಗಿ ಉತ್ತರ ಬರುವ ಹೊತ್ತನ್ನು ಮಿಲಿಸೆಕೆಂಡುಗಳಲ್ಲಿ ಅಳೆಯುತ್ತಾರೆ. ಅದು ಪದೇ ಪದೇ ಏರಿಳಿದರೆ ದುಬಾರಿ ಫೋನು ಕೂಡ ಸೋಲುತ್ತದೆ.

ಮಳೆಯನ್ನೂ ಮರೆಯಬೇಡಿ. ಐಪಿ54 ಎಂಬಲ್ಲಿ ಎರಡನೆಯ ಅಂಕಿ ನೀರಿಗೆ ಸಂಬಂಧಿಸಿದ್ದು: 4 ಎಂದರೆ ಎರಚಿದ ನೀರನ್ನಷ್ಟೇ ತಡೆದೀತು, ಮುಳುಗಿದರೆ ಭರವಸೆಯಿಲ್ಲ. ಭದ್ರತಾ ಅಪ್‌ಡೇಟ್ ಎಷ್ಟು ವರ್ಷ ಸಿಗುತ್ತದೆ, ರಿಪೇರಿ ಕೇಂದ್ರ ಎಷ್ಟು ದೂರ ಎಂಬುದನ್ನೂ ಕೇಳಿ. ಹಣದ ವ್ಯವಹಾರ ಮಾಡುವ ಫೋನಿಗೆ ಕ್ಯಾಮೆರಾಕ್ಕಿಂತ ಇವು ಮುಖ್ಯ.

ಹಳೆಯ ಫೋನು ಕೊಳ್ಳುವುದಾದರೆ *#06# ಒತ್ತಿರಿ. 15 ಅಂಕಿಗಳ ಐಎಂಇಐ ಸಂಖ್ಯೆ ಕಾಣಿಸುತ್ತದೆ. ಕೆವೈಎಂ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಒಂದು ಅಕ್ಷರದಷ್ಟು ಜಾಗ ಬಿಟ್ಟು, ಈ ಸಂಖ್ಯೆಯನ್ನು 14422ಕ್ಕೆ ಸಂದೇಶ ಕಳಿಸಿದರೆ ಆ ಫೋನಿನ ವಿವರ ಬರುತ್ತದೆ. ಕಳವಿನ ಮಾಲು ಕೈಗೆ ಬರದಂತೆ ಇದೊಂದು ಎಚ್ಚರ.

ಪೆಟ್ಟಿಗೆಯ ಮೇಲಿನ ಅಂಕಿಗಳು ಸುಳ್ಳೇನಲ್ಲ. ಆದರೆ ಅವುಗಳನ್ನು ಅಳೆದದ್ದು ನಿಮ್ಮ ಮನೆಯಲ್ಲಲ್ಲ. ಒಂದು ಹಾಳೆಯಲ್ಲಿ ನಿಮ್ಮ ದಿನದ ಬಳಕೆಯನ್ನು ಗಂಟೆಗಳ ಲೆಕ್ಕದಲ್ಲಿ ಬರೆಯಿರಿ. ಪಾಠಕ್ಕೆಷ್ಟು, ಆಟಕ್ಕೆಷ್ಟು ಎಂಬುದು ಆಗ ನಿಮಗೇ ತಿಳಿಯುತ್ತದೆ. ಆ ಹಾಳೆ ಹಿಡಿದು ಅಂಗಡಿಗೆ ಹೋಗಿ.